ಹೋರಿ ಆರಿಸುವಾಗ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ: ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಕೋಲಾರ ಜಿಲ್ಲೆಯ ಹೈನುಗಾರ. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆಯ ಕೊಟ್ಟಿಗೆಗಳಿಗೆ ಬನ್ನಿ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಸೀಮೆ ತಳಿ) ಹಸುಗಳು ಬಾಯಿ ತೆರೆದು, ಜೊಲ್ಲು ಸುರಿಸುತ್ತ ತೇಕುತ್ತಿರುತ್ತವೆ. ಮೇವು ಮುಟ್ಟುವುದಿಲ್ಲ, ಹಾಲು ಇಳಿಯುತ್ತದೆ, ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲುವುದಿಲ್ಲ. ಫ್ಯಾನ್ ಹಾಕಿ, ನೀರು ಚಿಮುಕಿಸಿ ಎನ್ನುತ್ತಾರೆ. ಮಾಡುತ್ತೇವೆ. ಆದರೆ ಈ ಸಂಕಟದ ಒಂದು ಪಾಲು ಆ ಇಂಜೆಕ್ಷನ್‌ಗೆ ಬಳಸುವ, ಆರಿಸಿದ ಹೋರಿಯ ವೀರ್ಯ ತುಂಬಿದ ಕಡ್ಡಿಯಲ್ಲೇ ಬರುತ್ತಿದೆ.

ಶಾಖ 25 ಡಿಗ್ರಿ, ತೇವಾಂಶ ಶೇ 50 ಇದ್ದರೆ ಇವೆರಡನ್ನೂ ಸೇರಿಸಿ ದನಕ್ಕೆ ತಟ್ಟುವ ಸೆಕೆಯನ್ನು ಅಳೆಯುವ ತಾಪ-ತೇವಾಂಶ ಸೂಚ್ಯಂಕ 72ರ ಹತ್ತಿರ ಬರುತ್ತದೆ. ಚಳಿನಾಡಿನ ಈ ತಳಿಗೆ ಅಲ್ಲಿಂದಲೇ ಕಷ್ಟ ಶುರು. ಹಳ್ಳಿಕಾರ್, ಮಲೆನಾಡು ಗಿಡ್ಡದಂಥ ನಮ್ಮ ದನಗಳು ಚೆನ್ನಾಗಿ ಬೆವರುತ್ತವೆ, ರೋಮ ಗಿಡ್ಡ, ಮೈಯೊಳಗೆ ಹುಟ್ಟುವ ಶಾಖವೂ ಕಡಿಮೆ. ಇದೆಲ್ಲ ವಂಶದಿಂದ ಬಂದದ್ದು. ಮಿಶ್ರತಳಿಗೆ ಮತ್ತೆ ಮತ್ತೆ ಎಚ್‌ಎಫ್ ಹೋರಿಯ ವೀರ್ಯ ಕೊಡಿಸಿದರೆ ಸೀಮೆಯ ರಕ್ತ ಶೇ 50ರಿಂದ 75ಕ್ಕೆ, ಆಮೇಲೆ 87.5ಕ್ಕೆ ಏರುತ್ತದೆ. ನಾಡದನದ ಪಾಲು ಪ್ರತಿ ಪೀಳಿಗೆಗೂ ಅರ್ಧಕ್ಕರ್ಧ ಇಳಿಯುತ್ತದೆ.

ಹಾಲು ಹೆಚ್ಚಿಸುವ ಗುಣ, ಬಿಸಿಲು ತಾಳುವ ಗುಣ ಎರಡೂ ಬಹುಮಟ್ಟಿಗೆ ಒಂದಕ್ಕೊಂದು ಎದುರು. ತಾಯಿಯ ಹಾಲಿನ ಲೀಟರ್ ಮಾತ್ರ ನೋಡಿ ಹೋರಿ ಆರಿಸಿದರೆ, ನರಳುವ ಗುಣವನ್ನೂ ನಾವೇ ಆರಿಸಿದಂತೆ. ಇದಕ್ಕೆ ದಾರಿಯಿದೆ. ಎಚ್‌ಎಫ್‌ನಲ್ಲೇ ಕೆಲವು ಹೋರಿಗಳ ಹೆಣ್ಣುಕರುಗಳು ಬಿಸಿಲನ್ನು ಚೆನ್ನಾಗಿ ತಡೆಯುತ್ತವೆ. ಆ ಗುಣ ಕರುಗಳಿಗೆ ಎಷ್ಟು ದಾಟುತ್ತದೆಂದು ಅಂದಾಜಿಸುವ ಅಂಕವನ್ನು, ಅಂದರೆ ತಳಿ ಮೌಲ್ಯವನ್ನು, ಆಸ್ಟ್ರೇಲಿಯಾ 2017ರಲ್ಲೇ ಹೈನುಗಾರರ ಕೈಗೆ ಕೊಟ್ಟಿತು. ಕೆರಿಬಿಯನ್ನಿನ ಸೆನೆಪೋಲ್ ದನಗಳಲ್ಲಿ ರೋಮ ನುಣುಪಾಗಿಸುವ ಒಂದೇ ವಂಶವಾಹಿಯನ್ನು ಫ್ಲಾರಿಡಾ, ಪೋರ್ಟೊರಿಕೊಗಳಲ್ಲಿ ಎಚ್‌ಎಫ್‌ಗೆ ತಂದಿದ್ದಾರೆ.

ನನ್ನನ್ನು ತುಂಬ ಕಲಕಿದ್ದು ಫ್ಲಾರಿಡಾದ್ದೇ ಇನ್ನೊಂದು ಸಂಶೋಧನೆ. ಹಾಲು ಬತ್ತಿಸಿದ ಗಬ್ಬದ ಹಸು ಶಾಖಕ್ಕೆ ನರಳಿದರೆ, ಹೊಟ್ಟೆಯಲ್ಲಿದ್ದ ಕರು ಬೆಳೆದು ಈದಾಗ ಅದರ ಹಾಲೂ ಕಡಿಮೆ. ಹುಟ್ಟುವ ಮೊದಲೇ ಅದಕ್ಕೆ ಪೆಟ್ಟು ಬಿದ್ದಿರುತ್ತದೆ. ಹಾಲು ಕೊಡದ ಹಸುವೆಂದು ಅದನ್ನು ಬಿಸಿಲಲ್ಲಿ ಕಟ್ಟುವ ನಮ್ಮ ರೂಢಿ ನಿಲ್ಲಬೇಕು. ಇದನ್ನು ಊರೂರಿನ ಡೇರಿಯಲ್ಲಿ ಹೇಳಿಸಿ.

ಹಸುವಿನ ಕಿವಿಗೆ ಹಾಕುವ ಗುರುತಿನ ಓಲೆಯ ದಾಖಲೆಯಲ್ಲಿ ಅದರ ಸೀಮೆ ರಕ್ತದ ಪಾಲು ಎಷ್ಟೆಂದು ಬರೆಸಿ, ಅದನ್ನು ನೋಡಿಯೇ ವೀರ್ಯದ ಕಡ್ಡಿ ಕೊಡಲಿ. ಹಾಲಿನ ಅಳತೆಗೆ ಬರುವವರು ಬೇಸಿಗೆಯಲ್ಲಿ ಮೈಶಾಖ, ಉಸಿರಾಟವನ್ನೂ ಗುರುತು ಹಾಕಿಕೊಳ್ಳಲಿ. ಜಾನುವಾರುಗಳ ಶಾಖದ ಒತ್ತಡ ಅಭ್ಯಸಿಸುವ ವಿಜ್ಞಾನಿಗಳು ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲೇ ಇದ್ದಾರೆ. ಮುಂದಿನ ಹೋರಿಗಳ ಆಯ್ಕೆಗೆ ಮುಂಚೆ ಅವರನ್ನು ಕರೆಸಿ ಮಾತಾಡಿ.

ಇಂತಿ,
ಕೋಲಾರ ಜಿಲ್ಲೆಯ ಹೈನುಗಾರ