ನಾಟಕ ಮುಗಿಯುವುದು ಎಷ್ಟು ಹೊತ್ತಿಗೆ?

ಮಾನ್ಯ ಸಂಪಾದಕರೇ,

ಟಿ.ವಿ. ಮತ್ತು ಮೊಬೈಲ್ ಬಂದ ಮೇಲೆ ಜನರಿಗೆ ಕಲೆಯ ಅಭಿರುಚಿಯೇ ಹೋಗಿದೆ, ಆದ್ದರಿಂದಲೇ ರಂಗಮಂದಿರಗಳು ಖಾಲಿ ಹೊಡೆಯುತ್ತಿವೆ ಎಂಬ ಮಾತನ್ನು ಶಿವಮೊಗ್ಗದ ವೇದಿಕೆಗಳಿಂದ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಾರದವರ ಮೇಲಿನ ಈ ಸಿಟ್ಟನ್ನು ಪ್ರತಿಸಲವೂ ಕೇಳಿಸಿಕೊಳ್ಳಬೇಕಾದವರು ಮಾತ್ರ ಬಂದು ಕೂತವರು. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದುಕೊಂಡು, ನಾಟಕವೋ ಯಕ್ಷಗಾನದ ಆಟವೋ ಇದೆಯೆಂದರೆ ಹೊರಟು ನಿಲ್ಲುವ ನಿವೃತ್ತ ಶಿಕ್ಷಕನಾದ ನನಗೆ ಕಂಡದ್ದು ಬೇರೆ. ನಮ್ಮ ಕಡೆಯ ಜನರನ್ನು ತಡೆಯುತ್ತಿರುವುದು ಅಭಿರುಚಿಯ ಕೊರತೆಗಿಂತ ಹೆಚ್ಚಾಗಿ ರಾತ್ರಿ ಮನೆ ಸೇರುವ ಚಿಂತೆ.

ಕಳೆದ ಚಳಿಗಾಲದಲ್ಲಿ ಮಗಳ ಮನೆಯಲ್ಲಿ ಉಳಿದುಕೊಂಡು ನಗರದ ಒಂದು ರಂಗಮಂದಿರಕ್ಕೆ ನಾಟಕ ನೋಡಲು ಹೋಗಿದ್ದೆ. ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 6 ಗಂಟೆ ಎಂದಿತ್ತು. ದೀಪ ಬೆಳಗಿಸುವಾಗ ಏಳು. ಆಮೇಲೆ ಪ್ರಾಸ್ತಾವಿಕ ನುಡಿ, ಶಾಲು, ಪೇಟ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಭಾಷಣ ಎಲ್ಲ ಮುಗಿದು ಪರದೆ ಸರಿದಾಗ ಏಳು ಮುಕ್ಕಾಲಾಗಿತ್ತು. ನನ್ನ ಪಕ್ಕದಲ್ಲಿ ಮಂಡಗದ್ದೆಯಿಂದಾಚೆಗಿನ ಹಳ್ಳಿಯ ಒಬ್ಬ ತಾಯಿ ಮೊಮ್ಮಗಳನ್ನು ಕರೆದುಕೊಂಡು ಬಂದು ಕೂತಿದ್ದರು. ಭಾಷಣದ ಹೊತ್ತಿನಲ್ಲೇ ಅವರು ಚೀಲದಿಂದ ಮೊಬೈಲ್ ತೆಗೆದು ಸಮಯ ನೋಡಿ ಒಳಗಿಡುತ್ತಿದ್ದರು. ನಾಟಕ ಶುರುವಾಗಿ ಅರ್ಧ ಗಂಟೆ ಕಳೆದಿರಬೇಕು, ಕತೆ ಇನ್ನೇನು ಬಿಗಿಯಾಗುತ್ತಿದೆ ಎನ್ನುವಾಗ ಎದ್ದು, ಹಿಂದಿನವರಿಗೆ ಮರೆಯಾಗದಂತೆ ಬಗ್ಗಿಕೊಂಡು ಹೊರಟರು. ಹುಡುಗಿ ಬಾಗಿಲು ದಾಟುವವರೆಗೂ ರಂಗದ ಕಡೆಗೇ ಕತ್ತು ತಿರುಗಿಸಿಕೊಂಡಿತ್ತು. ಹೊರಡುವ ಮೊದಲು ಆ ತಾಯಿ ಪಿಸುದನಿಯಲ್ಲಿ ನನಗೆ ಹೇಳಿದ್ದಿಷ್ಟೇ: “ಲಾಸ್ಟ್ ಬಸ್ಸು ಹೋದ್ರೆ ಗತಿಯಿಲ್ಲ ಮೇಷ್ಟ್ರೆ.” ನಾಟಕದ ಕೊನೆಗೆ ಸಂಘಟಕರು ಮೈಕ್ ಹಿಡಿದು, ಅರ್ಧಕ್ಕೆ ಎದ್ದು ಹೋಗುವ ಪ್ರೇಕ್ಷಕರ ಬಗ್ಗೆ ಖೇದ ವ್ಯಕ್ತಪಡಿಸಿದರು.

ಬಯಲುಸೀಮೆಯಂತೆ ಮಲೆನಾಡಿನಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಬಸ್ಸಿಳಿದ ಮೇಲೆ ತೋಟ, ಗದ್ದೆ, ಒಂದಿಷ್ಟು ಕಾಡು ದಾಟಿ ಮೈಲಿ ನಡೆದರೆ ಮನೆ. ಆಟೋದವರು ಆ ಹೊತ್ತಿನಲ್ಲಿ ಕೇಳುವ ಬಾಡಿಗೆ ನಾಟಕದ ಟಿಕೆಟ್ಟಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ಪ್ರವೇಶ ಉಚಿತ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಹಳ್ಳಿಯವರಿಗೆ ಅದು ಉಚಿತವಾಗುವುದಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವಾದರೂ, ನಮ್ಮಲ್ಲಿ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ.

ಹಿಂದಿನವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿದ್ದರು ಎಂಬುದನ್ನು ನೆನೆದರೆ ಬೆರಗಾಗುತ್ತದೆ. ಯಕ್ಷಗಾನ ಇಡೀ ರಾತ್ರಿ ನಡೆಯುತ್ತಿದ್ದುದಕ್ಕೆ ಪಂಡಿತರು ಏನೇನೋ ಕಾರಣ ಕೊಡುತ್ತಾರೆ. ನಾನು ಕೊಡುವ ಕಾರಣ ಇನ್ನೂ ಒಂದಿದೆ. ಊಟ ಮುಗಿಸಿ ಸೂಡಿ ಹಚ್ಚಿಕೊಂಡು ಗುಂಪಾಗಿ ಹೊರಟವರು ಚಾಪೆ, ಕಂಬಳಿ ಹಾಸಿ ಕೂತರೆ, ಮಂಗಳ ಹಾಡುವ ಹೊತ್ತಿಗೆ ಬೆಳಕು ಹರಿದಿರುತ್ತಿತ್ತು. ಕತ್ತಲಲ್ಲಿ ಒಬ್ಬರೇ ಮರಳುವ ಪ್ರಶ್ನೆಯೇ ಇರಲಿಲ್ಲ. ನಿದ್ದೆ ಬಂದ ಮಕ್ಕಳು ಅಲ್ಲೇ ಮಲಗಿ, ರಾಕ್ಷಸನ ಪ್ರವೇಶಕ್ಕೆ ಚೆಂಡೆ ಬಡಿದಾಗ ಎದ್ದು ಕೂರುತ್ತಿದ್ದವು. ಈಗ ಕಾಲಮಿತಿ ಪ್ರಯೋಗಗಳು ಬಂದಿವೆ. ಕಲಾವಿದರ ಆರೋಗ್ಯ, ಮರುದಿನ ಕೆಲಸಕ್ಕೆ ಹೋಗುವವರ ಅನುಕೂಲ ನೋಡಿದರೆ ಅದನ್ನು ತಪ್ಪೆನ್ನಲಾರೆ. ಆದರೆ ನಡುರಾತ್ರಿಗೆ ಮುಗಿಯುವ ಆಟ ಕಾರು, ಬೈಕು ಇದ್ದವರಿಗೆ ಅನುಕೂಲ. ಇಲ್ಲದವರನ್ನು ಅದು ಸರಿಯಾಗಿ ಕತ್ತಲ ನಡುವೆ ತಂದು ಬಿಡುತ್ತದೆ.

ಇನ್ನೊಂದು ತಡೆ ಹೊರಗಿನವರಿಗೆ ಬೇಗ ಕಾಣುವಂಥದ್ದಲ್ಲ. ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸರಿಗೆ ಒಮ್ಮೆ ನಾಟಕಕ್ಕೆ ಹೋಗೋಣ ಎಂದೆ. ಮೆಟ್ಟುಗತ್ತಿಯ ಮುಂದೆ ಕೂತಿದ್ದ ಒಬ್ಬಾಕೆ ಕೈ ನಿಲ್ಲಿಸದೆಯೇ, “ನಮಗೆ ಕಾರ್ಡು ಕೊಟ್ಟಿಲ್ವಲ್ಲ, ಕರೀದೆ ಹೋಗೋದು ಹ್ಯಾಂಗೆ?” ಎಂದರು. ಹರಕೆ ಆಟಕ್ಕೆ ಇದೇ ಹೆಂಗಸರು ಯಾರ ಕಾರ್ಡಿಗೂ ಕಾಯುವುದಿಲ್ಲ, ಏಕೆಂದರೆ ಹರಕೆ ಹೊತ್ತ ಮನೆಯವರು ಊರಿಗೆ ಊರನ್ನೇ ಕರೆದಿರುತ್ತಾರೆ. ರಂಗಮಂದಿರದ ಆಮಂತ್ರಣ ಪತ್ರಿಕೆ ಹೋಗುವುದು ಸಾಮಾನ್ಯವಾಗಿ ಅದೇ ನೂರಿನ್ನೂರು ಮನೆಗಳಿಗೆ. ಕರೆಯಿಲ್ಲದೆ ಹೋದರೂ ಮುಂದಿನ ಸಾಲಿನ ಸೋಫಾಗಳು ಗಣ್ಯರಿಗೆಂದು ಖಾಲಿ ಬಿದ್ದಿರುತ್ತವೆ, ಅವನ್ನು ನೋಡಿದ ಹೊಸಬರು ಬಾಗಿಲ ಬಳಿಯೇ ನಿಂತುಬಿಡುತ್ತಾರೆ.

ಸಾಗರ ತಾಲ್ಲೂಕಿನ ಪುಟ್ಟ ಊರು ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಪ್ರೇಕ್ಷಕರು ಬರಲಿ ಎಂದು ಕಾಯುತ್ತ ಕೂರದೆ 1985ರಿಂದ ‘ತಿರುಗಾಟ’ದ ಮೂಲಕ ನಾಟಕಗಳನ್ನೇ ಊರೂರಿಗೆ ಕೊಂಡೊಯ್ದಿದೆ. ಎಲ್ಲ ಸಂಘಗಳಿಗೂ ಅಷ್ಟು ಶಕ್ತಿ ಇರದು, ನಿಜ. ಆದರೆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಒಂದು ಪ್ರದರ್ಶನ ಇಡುವುದಕ್ಕೆ, ಸನ್ಮಾನವನ್ನು ನಾಟಕದ ನಂತರಕ್ಕೆ ಹಾಕುವುದಕ್ಕೆ ಅನುದಾನವೇನೂ ಬೇಕಿಲ್ಲ. (ವಂದನಾರ್ಪಣೆಗೆಂದು ನಿಂತು ಇಪ್ಪತ್ತು ನಿಮಿಷ ಮಾತನಾಡಿದ ಪಾಪ ನನ್ನ ಲೆಕ್ಕದಲ್ಲೂ ಇದೆ.) ಕಾಲವನ್ನೂ ನೋಡಬೇಕು: ರಾಜ್ಯೋತ್ಸವದ ತಿಂಗಳಿನಿಂದ ಕಾರ್ಯಕ್ರಮಗಳು ಒಂದರ ಮೇಲೊಂದು ಬೀಳುತ್ತವೆ, ನಮ್ಮ ಮನೆಗಳಲ್ಲಿ ಅಡಿಕೆ ಕೊನೆಗಳ ಕೊಯ್ಲು, ಸುಲಿತ, ಬೇಯಿಸುವುದು ಎಂದು ರಾತ್ರಿ ಹಗಲು ಒಂದಾಗಿರುವುದೂ ಅದೇ ದಿನಗಳಲ್ಲಿ.

ಕೊನೆಯದಾಗಿ ತಮ್ಮಲ್ಲಿಯೇ ಒಂದು ಕೋರಿಕೆ. ಪತ್ರಿಕೆಗಳಲ್ಲಿ ಕಾರ್ಯಕ್ರಮಗಳ ವಿವರ ಬರುವುದು ‘ಇಂದು’ ಎಂಬ ತಲೆಬರಹದಡಿ, ಅದೇ ದಿನ. ನಮ್ಮೂರಿಗೆ ಪತ್ರಿಕೆ ತಲುಪುವುದು ಬೆಳಗಿನ ಬಸ್ಸಿನಲ್ಲಿ, ಒಂಬತ್ತೂವರೆಗೆ. ಕೊಟ್ಟಿಗೆ ಕೆಲಸ ಯಾರಿಗೆ ವಹಿಸುವುದು, ರಾತ್ರಿ ಯಾರ ಮನೆಯಲ್ಲಿ ಉಳಿಯುವುದು ಎಂದು ಗೊತ್ತು ಮಾಡಿಕೊಳ್ಳಲು ಆಗ ಸಮಯವೆಲ್ಲಿ? ಭಾನುವಾರದ ಸಂಚಿಕೆಯಲ್ಲಿ ಇಡೀ ವಾರದ ಪಟ್ಟಿಯನ್ನು ಪ್ರಕಟಿಸಿ, ಪ್ರತಿಯೊಂದರ ಮುಂದೆ ಶುರುವಾಗುವ ಹೊತ್ತಿನ ಜೊತೆಗೆ ಮುಗಿಯುವ ಹೊತ್ತನ್ನೂ ಸಂಘಟಕರಿಂದ ಕೇಳಿ ಹಾಕಬೇಕೆಂದು ವಿನಂತಿ. ಅದನ್ನು ಕತ್ತರಿಸಿ ನಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಯ ಗೋಡೆಗೆ ಅಂಟಿಸುವ ಕೆಲಸ ನನಗಿರಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ