ಹೆರಿಗೆ ಕೋಣೆಯ ಗದರಿಕೆ ಚಿಕಿತ್ಸೆಯಲ್ಲ

ಮಾನ್ಯ ಸಂಪಾದಕರೇ,

ಹೆರಿಗೆ ಕೋಣೆಯಲ್ಲಿ ಮಹಿಳೆಯರನ್ನು ಬೈದ, ತೊಡೆಗೆ ಹೊಡೆದ ಸುದ್ದಿ ಹೊರಬಂದಾಗಲೆಲ್ಲ ನಮ್ಮ ವೃತ್ತಿಯವರು ಕೊಡುವ ಸಮಜಾಯಿಷಿ ಒಂದೇ: ‘ಗದರಿಸದಿದ್ದರೆ ಅವರು ಸರಿಯಾಗಿ ಮುಕ್ಕುವುದಿಲ್ಲ, ಮಗುವಿಗೆ ಅಪಾಯವಾಗುತ್ತದೆ’. ಹೆರಿಗೆ ವಾರ್ಡಿನಲ್ಲಿ 26 ವರ್ಷ ನರ್ಸ್ ಆಗಿದ್ದು ನಿವೃತ್ತಳಾದ ನಾನೂ ಈ ಮಾತನ್ನು ನಂಬಿದ್ದೆ, ಗದರಿಸಿಯೂ ಇದ್ದೇನೆ. ನೋವಿನಿಂದ ಕೂಗುವ ಹೆಂಗಸಿಗೆ ‘ಆಗ ಇಲ್ಲದ ನೋವು ಈಗೇಕೆ’ ಎಂದು ಕೇಳುವ ಪರಿಪಾಠ ನಮ್ಮಲ್ಲಿತ್ತು. ಆ ಮಾತನ್ನು ಇಲ್ಲಿ ಬರೆಯಲು ನನಗೆ ಸಂಕೋಚವಾಗುತ್ತಿದೆ. ಆ ಕೋಣೆಯೊಳಗೆ ಆಡುವಾಗ ಯಾರಿಗೂ ಆಗುತ್ತಿರಲಿಲ್ಲ.

ಗದರಿದರೆ ಹೆರಿಗೆ ಬೇಗ ಆಗುತ್ತದೆಂಬ ನಂಬಿಕೆಗೆ ಶರೀರಶಾಸ್ತ್ರದ ಬೆಂಬಲವಿಲ್ಲ. ಗರ್ಭಕೋಶವನ್ನು ಸಂಕುಚಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಹೆದರಿದ ದೇಹದಲ್ಲಿ ಅಡ್ರಿನಲಿನ್ ಎಂಬ ಮತ್ತೊಂದು ಹಾರ್ಮೋನು ಏರಿದಾಗ ಬೇನೆಯ ಬಿರುಸು ತಗ್ಗಿ ಹೆರಿಗೆ ನಿಧಾನವಾಗಬಹುದು. ಹೀಗೆ ನಾವೇ ಹೆದರಿಸಿ ತಡಮಾಡಿ, ತಡವಾಯಿತೆಂದು ಮತ್ತೆ ಗದರಿ, ಕೊನೆಗೆ ಬೇನೆ ಹೆಚ್ಚಿಸುವ ಡ್ರಿಪ್ ಹಾಕಿದ ಸಂದರ್ಭಗಳು ಎಷ್ಟಿದ್ದವೋ ಎಂದು ಈಗ ಯೋಚಿಸುತ್ತೇನೆ. ಹೆರಿಗೆಯುದ್ದಕ್ಕೂ ಒಬ್ಬರು ಪಕ್ಕದಲ್ಲಿದ್ದು ಧೈರ್ಯ ಹೇಳಿದರೆ ಆಗುವ ಪರಿಣಾಮವನ್ನು 15 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯ ಮೇಲೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ ಪರಿಶೀಲಿಸಿತ್ತು. ಹಾಗೆ ಜೊತೆಗೊಬ್ಬರಿದ್ದ ಮಹಿಳೆಯರಲ್ಲಿ ಹೆರಿಗೆಯ ಅವಧಿ ಕಡಿಮೆಯಾಗಿ, ಸಿಸೇರಿಯನ್ ಪ್ರಮಾಣವೂ ತಗ್ಗಿತ್ತು. ಇಷ್ಟಾದರೂ ಜೊತೆಗೆ ಬಂದವರನ್ನು ಬಾಗಿಲ ಹೊರಗೇ ನಿಲ್ಲಿಸುವ ಆಸ್ಪತ್ರೆಗಳಿವೆ.

2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಘಾನಾ, ಗಿನಿ ಮತ್ತು ನೈಜೀರಿಯಾಗಳ ಆಸ್ಪತ್ರೆಗಳಲ್ಲಿ 2,016 ಮಹಿಳೆಯರ ಹೆರಿಗೆಯನ್ನು ಸಂಶೋಧಕರು ಪಕ್ಕದಲ್ಲೇ ಇದ್ದು ಗಮನಿಸಿದ್ದರು. ನೂರಕ್ಕೆ ಸುಮಾರು 42 ಮಂದಿ ಹೊಡೆತ, ಬೈಗುಳ ಅಥವಾ ತಾರತಮ್ಯಕ್ಕೆ ಒಳಗಾಗಿದ್ದರು. ಇದು ಅತಿ ಹೆಚ್ಚಾಗಿದ್ದದ್ದು ಹೆರಿಗೆಗೆ 30 ನಿಮಿಷ ಮೊದಲಿನಿಂದ ಹೆರಿಗೆಯಾದ 15 ನಿಮಿಷದವರೆಗೆ, ಅಂದರೆ ಎದ್ದು ಹೋಗಲೂ ಎದುರಾಡಲೂ ಆಗದ ಮುಕ್ಕಾಲು ಗಂಟೆಯಲ್ಲಿ. ನನ್ನನ್ನು ಕುಟುಕಿದ್ದು ಅದೇ ಅಧ್ಯಯನದ ಮತ್ತೊಂದು ಅಂಶ: ದುರ್ವರ್ತನೆಗೆ ಹೆಚ್ಚಾಗಿ ಗುರಿಯಾದವರು ಚಿಕ್ಕ ವಯಸ್ಸಿನವರು ಮತ್ತು ಓದಿಲ್ಲದವರು. ಗದರಿಕೆ ನಿಜವಾಗಿಯೂ ಮಗುವನ್ನು ಉಳಿಸುವ ವಿದ್ಯೆಯಾಗಿದ್ದರೆ, ಓದಿದವರ, ಅನುಕೂಲಸ್ಥರ ಮಕ್ಕಳಿಗೂ ಅದು ಅಷ್ಟೇ ಧಾರಾಳವಾಗಿ ಸಿಗಬೇಕಿತ್ತಲ್ಲವೇ?

ಬೈಗುಳವಾದರೂ ಕಿವಿಗೆ ಬೀಳುತ್ತದೆ. ಸದ್ದಿಲ್ಲದೆ ನಡೆಯುವ ಅಗೌರವವೂ ಇದೆ. ಅದೇ ಅಧ್ಯಯನದಲ್ಲಿ ಹೆರಿಗೆ ದಾರಿಯನ್ನು ಕತ್ತರಿಸಿ ಅಗಲಗೊಳಿಸಿದ 253 ಪ್ರಕರಣಗಳ ಪೈಕಿ 190ರಲ್ಲಿ ಆ ಮಹಿಳೆಯ ಒಪ್ಪಿಗೆ ಪಡೆದಿರಲಿಲ್ಲ. ಒಳಪರೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೂ ಒಪ್ಪಿಗೆಯಿರಲಿಲ್ಲ. ಈ ಕತ್ತರಿಸುವಿಕೆಯನ್ನು ವಾಡಿಕೆಯಂತೆ ಎಲ್ಲರಿಗೂ ಮಾಡಬಾರದು, ಮಗು ಬೇಗ ಬರಲೆಂದು ಹೊಟ್ಟೆಯ ಮೇಲೆ ಒತ್ತಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ, ಗಂಟೆಗೊಂದು ಸೆಂಟಿಮೀಟರ್ ತೆರೆದುಕೊಳ್ಳಲೇಬೇಕೆಂಬ ಹಳೆಯ ಲೆಕ್ಕ ಎಲ್ಲ ಮಹಿಳೆಯರಿಗೂ ಹೊಂದುವುದಿಲ್ಲ ಎಂದೂ ಅದು ಸ್ಪಷ್ಟಪಡಿಸಿದೆ. ನಮ್ಮ ಎಷ್ಟೋ ಸಿಟ್ಟು ಹುಟ್ಟುತ್ತಿದ್ದದ್ದು ಗೋಡೆಯ ಗಡಿಯಾರ ನೋಡಿ ಹಾಕುತ್ತಿದ್ದ ಆ ಲೆಕ್ಕದಿಂದಲೇ.

ಸಿಬ್ಬಂದಿಯ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ರಾತ್ರಿ ಪಾಳಿಯಲ್ಲಿ ಏಕಕಾಲಕ್ಕೆ ನಾಲ್ಕೈದು ಹೆರಿಗೆಗಳನ್ನು ಒಬ್ಬಳೇ ನೋಡಿಕೊಳ್ಳುತ್ತ, ಮೇಲಿನವರಿಂದ ಬೈಸಿಕೊಳ್ಳುವವಳು ಆ ಸಿಟ್ಟನ್ನು ಮಂಚದ ಮೇಲಿರುವವಳ ಮೇಲೆ ತೀರಿಸಿಕೊಳ್ಳುತ್ತಾಳೆ. ಆದ್ದರಿಂದ ಸಾಕಷ್ಟು ನರ್ಸ್‌ಗಳನ್ನು ನೇಮಿಸದೆ ಬರೀ ಸೌಜನ್ಯದ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದು ಆಡಳಿತದ ಜಾಣತನ. ಆದರೆ ಮಂಚಗಳ ನಡುವೆ ಪರದೆ ಎಳೆಯುವುದಕ್ಕೆ, ಮುಟ್ಟುವ ಮೊದಲು ‘ಈಗ ಪರೀಕ್ಷೆ ಮಾಡುತ್ತೇನೆ, ಆಗಬಹುದೇ?’ ಎಂದು ಕೇಳುವುದಕ್ಕೆ ಹೊಸ ನೇಮಕಾತಿಗಾಗಿ ಕಾಯಬೇಕಿಲ್ಲ.

ಮಗು ಕೈಗೆ ಬಂದ ಮೇಲೆ ತಾಯಿ ಎಲ್ಲವನ್ನೂ ಮರೆಯುತ್ತಾಳೆಂದು ನಾವು ಹೇಳಿಕೊಳ್ಳುತ್ತಿದ್ದೆವು. ಆಕೆ ಮರೆತಿರುವುದಿಲ್ಲ, ತಾನೂ ಮಗುವೂ ಇನ್ನೂ ಅದೇ ವಾರ್ಡಿನವರ ಕೈಯಲ್ಲಿರುವುದರಿಂದ ಬಾಯಿ ಬಿಡುವುದಿಲ್ಲ. ಇಂಥ ವರ್ತನೆಯ ಭಯದಿಂದ ಮಹಿಳೆಯರು ಆಸ್ಪತ್ರೆಯ ಹೆರಿಗೆಯಿಂದಲೇ ದೂರ ಉಳಿಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಎಚ್ಚರಿಸಿತ್ತು. ಹೆರಿಗೆಯ ದಾಖಲೆಯಲ್ಲಿ ಸಮಯ, ಮಗುವಿನ ತೂಕ, ಹೊಲಿಗೆಗಳ ವಿವರ ಬರೆಯುತ್ತೇವೆ. ಅದರ ಜೊತೆಗೆ, ಬಾಣಂತಿ ಮನೆಗೆ ಹೊರಡುವ ಮುನ್ನ ಆ ವಾರ್ಡಿಗೆ ಸೇರದ ಒಬ್ಬರು ಆಕೆಯನ್ನು ಒಂಟಿಯಾಗಿ ಮಾತನಾಡಿಸಿ, ಯಾರಾದರೂ ಹೊಡೆದರೇ, ಬೈದರೇ, ಕೇಳದೆ ಏನನ್ನಾದರೂ ಮಾಡಿದರೇ ಎಂದು ವಿಚಾರಿಸಿ ಬರೆದುಕೊಳ್ಳುವುದನ್ನು ಎಲ್ಲ ಆಸ್ಪತ್ರೆಗಳಲ್ಲೂ ಕಡ್ಡಾಯಗೊಳಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ನಿವೃತ್ತ ನರ್ಸ್