ಅತ್ತೆಗೊಂದು ಕಾಗದ ಬರೆ

ಕಾರವಾರ

ಚಿ. ಕೂಸಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಶಿರಸಿ ಅತ್ತೆಗೆ ಮೆಸೇಜ್ ಕಳಿಸಿದ್ದೇನೆ, ಸಾಕಲ್ವಾ ಎಂದು ಕೇಳಿದ್ದೀಯ. ಸಾಲದು. ಹುಟ್ಟುಹಬ್ಬಕ್ಕೆ, ಪರೀಕ್ಷೆ ಪಾಸಾದದ್ದಕ್ಕೆ ವಾಟ್ಸಾಪ್ ಧಾರಾಳ ಆಯಿತು. ಮಾವ ತೀರಿಹೋದ ಮನೆಗೆ ಕೈಯಲ್ಲಿ ಬರೆದ ಕಾಗದವೇ ಹೋಗಬೇಕು.

ನೀವು ನೋಡಿಲ್ಲ. ಮೊದಲೆಲ್ಲ ಸಾವಿನ ಸುದ್ದಿ ಕಾರ್ಡಿನಲ್ಲೇ ಬರುತ್ತಿತ್ತು. ಮೇಲೆ 'ಶ್ರೀ' ಇರುತ್ತಿರಲಿಲ್ಲ. ಓದಿದವರು ಅದನ್ನು ಒಳಗೆ ತರದೆ, ಹೊರಗೇ ಹರಿದು ಹಾಕಿ ಸ್ನಾನಕ್ಕೆ ಹೋಗುತ್ತಿದ್ದರು. ಮದುವೆ ಕಾಗದವಾದರೆ ಮೂಲೆಗೆ ಅರಿಶಿನ-ಕುಂಕುಮ. ವಿಳಾಸದ ಅಕ್ಷರ ನೋಡಿಯೇ "ಇದು ಕುಮಟೆ ಭಾವಂದು" ಎನ್ನುತ್ತಿದ್ದರು. ಇನ್‌ಲ್ಯಾಂಡಿನಲ್ಲಿ ಜಾಗ ಮುಗಿದರೆ ಅಂಚಿನಲ್ಲಿ ಅಡ್ಡಡ್ಡ ಬರೆಯುವುದಿತ್ತು. ಸಾಲ ಕೇಳುವ ಮಾತು ಹೆಚ್ಚಾಗಿ ಅಲ್ಲೇ ಇರುತ್ತಿತ್ತು!

ನಮ್ಮ ಜಿಲ್ಲೆ 1956ರ ತನಕ ಮುಂಬೈ ಪ್ರಾಂತಕ್ಕೆ ಸೇರಿತ್ತು ನೋಡು. ಇಲ್ಲಿನ ಕೆಲವು ಹಳೆ ಮನೆಗಳಲ್ಲಿ ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳು ಈಗಲೂ ಇವೆ. ಈಗಿನವರಿಗೆ ಓದಲು ಬರುವುದಿಲ್ಲ, ಎಸೆಯಲೂ ಮನಸ್ಸು ಬರುವುದಿಲ್ಲ.

ಹಾಗಂತ ಕೈಬರಹವನ್ನು ಸುಮ್ನೆ ಪೂಜೆ ಮಾಡಬೇಕಿಲ್ಲ. ನಿನ್ನ ಮುತ್ತಜ್ಜಿಗೆ ಬರೆಯಲು ಬರುತ್ತಿರಲಿಲ್ಲ. ಪಕ್ಕದ ಮನೆಯ ಶಾಲೆ ಹುಡುಗನಿಂದ ಬರೆಸುತ್ತಿದ್ದಳು. ಅಕ್ಷರ ಅವನದು, ಬೈಗುಳ ಅವಳದೇ.

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂಬ ನೆಪ ಬೇಡ. ಮೊಬೈಲಿನಲ್ಲಿ ಬರೆದು ನೋಡಿಕೊಂಡು ನಕಲು ಮಾಡಲೂ ಬೇಡ. ತಪ್ಪಿದರೆ ಗೀಟು ಹೊಡೆದು ಮುಂದೆ ಹೋಗು. ಏನು ಹೇಳಬೇಕೆಂದು ತಿಳಿಯದೆ ನೀನು ತಡವರಿಸಿದ್ದು ಅತ್ತೆಗೆ ಕಂಡರೆ ಕಾಣಲಿ. 'ದೇವರು ಶಕ್ತಿ ಕೊಡಲಿ' ಎಂದು ಎಲ್ಲರೂ ಕಳಿಸಿ ಆಗಿದೆ. ನೀನು ಮಾವನ ಸಂಗತಿ ಬರೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ನಿನ್ನನ್ನು ತಿರುಗುವ ತೊಟ್ಟಿಲು ಹತ್ತಿಸಿ, ಕೆಳಗೆ ನಿಂತು ನಿನಗಿಂತ ಜಾಸ್ತಿ ಹೆದರಿದ್ದರಲ್ಲ, ಅದನ್ನೇ ಬರೆ. ಅತ್ತೆ ನಗಲೂಬಹುದು. ನಕ್ಕರೆ ತಪ್ಪೇನಿಲ್ಲ.

ಕಾರ್ಡು ಬೇಡ, ದಾರಿಯಲ್ಲಿ ಎಲ್ಲರೂ ಓದುತ್ತಾರೆ. ಲಕೋಟೆಯಲ್ಲೇ ಹಾಕು. ಇಂಕ್ ಪೆನ್ನೂ ಬೇಡ, ಶಿರಸಿ ಮಳೆಗೆ ಸಿಕ್ಕಿದರೆ ವಿಳಾಸವೇ ಅಳಿಸಿ ಹೋದೀತು. ಪಿನ್ 581401. ಅತ್ತೆಗೆ ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಕಾಣುವುದಿಲ್ಲ, ದೊಡ್ಡದಾಗಿ ಬರೆ. ಕಾಗದ ಮುಟ್ಟಿತಾ ಎಂದು ಫೋನ್ ಮಾಡಿ ಕೇಳಬೇಡ. ಅವಳು ಉತ್ತರ ಬರೆಯದಿದ್ದರೆ ಬೇಜಾರು ಮಾಡಿಕೊಳ್ಳಲೂ ಬೇಡ.

ಇಂತಿ,
ದೊಡ್ಡಪ್ಪ